ಸೀಮೆಯ ಸೊಪ್ಪು: ಲಾಲ್‌ಬಾಗಿನಿಂದ ಹ್ಯಾರೋ ಹಿತ್ತಿಲಿಗೆ

(ಹ್ಯಾರೋದಲ್ಲಿ ನಡೆದ ನಮ್ಮ ಕೂಟದ ವಸಂತಕಾಲದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ. – ಸಂ.)



ಇತಿಹಾಸವೆಂದೊಡನೆ ಶಾಸನ, ಸಾಮ್ರಾಜ್ಯ, ಕದನಗಳನ್ನು ನೆನೆಯುವುದು ನಮಗೆ ರೂಢಿ. ಇಂದು ನಾನು ಆರಿಸಿಕೊಂಡಿರುವ ವಿಷಯ ಅಷ್ಟು ಘನವಾದುದಲ್ಲ. ಹಿತ್ತಿಲಲ್ಲಿ ಬೆಳೆದ ಸೊಪ್ಪು, ಬದುವಿನಲ್ಲಿ ತಾನಾಗಿ ಹುಟ್ಟಿದ ಸೊಪ್ಪು, ಅದನ್ನು ಆಯ್ದು ತಂದು ಬೇಯಿಸಿದ ಕೈಗಳು – ಇಷ್ಟೇ ನನ್ನ ವಿಷಯ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿ ಉಂಟು. ಕಣ್ಣೆದುರಿನದನ್ನು ಕಾಣದ ನಮ್ಮ ಸ್ವಭಾವವನ್ನು ಅದು ಹಂಗಿಸುತ್ತದೆ. ಕಡಲು ದಾಟಿ ಬಂದವರ ಮಟ್ಟಿಗೆ ಆ ಗಾದೆಗೆ ಇನ್ನೊಂದು ಅರ್ಥವೂ ಕೂಡಿಕೊಂಡಿದೆ: ಈ ದೇಶದ ಹಿತ್ತಿಲ ಗಿಡ ನಮ್ಮದೆಂದು ನಮಗೆ ಅನ್ನಿಸುವುದೇ ಇಲ್ಲ.

ಹಲವು ವರ್ಷಗಳ ಹಿಂದೆ ನನ್ನ ತಾಯಿ ಕೋಲಾರದ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದರು. ಒಂದು ಬೇಸಿಗೆಯ ಸಂಜೆ ಇಲ್ಲಿಯ ಕಾಲುದಾರಿಯೊಂದರಲ್ಲಿ ನಡೆಯುತ್ತಿದ್ದಾಗ, ಬೇಲಿಯ ಬುಡದಲ್ಲಿ ಬೆಳೆದಿದ್ದ ಬೂದುಹಸಿರು ಗಿಡವೊಂದರ ಮುಂದೆ ಅವರು ನಿಂತುಬಿಟ್ಟರು. ಎಲೆಯನ್ನು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿ, “ಇದು ನಮ್ಮ ಚಕ್ಕೋತ ಸೊಪ್ಪಿನ ತಂಗಿ ಕಣಪ್ಪ. ಬೇಳೆ ಹಾಕಿ ಬೇಯಿಸಿದರೆ ಮಸ್ಸೊಪ್ಪಿಗೆ ಬಲು ಚೆನ್ನ” ಎಂದು ಸೆರಗನ್ನು ಮಡಿಲು ಮಾಡಿಕೊಂಡರು. ನಾನು ಸುತ್ತಮುತ್ತ ನೋಡಿದೆ. “ಬೇಡಮ್ಮ, ಇಲ್ಲಿ ಹಾಗೆಲ್ಲ ಕೀಳಬಾರದು. ಯಾರಾದರೂ ನೋಡಿದರೆ ಏನಂದುಕೊಂಡಾರು” ಎಂದೆ. ಅವರು ಮರುಮಾತಾಡದೆ ಸೆರಗು ಬಿಟ್ಟು ನಡೆದರು. ‘ಕೀಳಬಾರದು’ ಎಂದು ನಾನು ಹೇಳಿದ್ದು ಯಾವ ಕಾಯಿದೆಯನ್ನೂ ಓದಿ ತಿಳಿದಲ್ಲ, ಬರಿಯ ಸಂಕೋಚದಿಂದ. ಇಂದಿನ ಮಾತು ಒಂದು ರೀತಿಯಲ್ಲಿ ಆ ಸಂಜೆಗೆ ನಾನು ತಡವಾಗಿ ಸಲ್ಲಿಸುತ್ತಿರುವ ಉತ್ತರ.

ಸೀಮೆ ಎಂಬ ಮಾತು

ಮೊದಲು ನಮ್ಮ ಭಾಷೆಯ ಒಂದು ಪದವನ್ನು ನೋಡೋಣ. ‘ಸೀಮೆ’ ಎಂದರೆ ಗಡಿ, ಗಡಿಯೊಳಗಿನ ನಾಡು. ಹತ್ತೊಂಬತ್ತನೆಯ ಶತಮಾನದ ವೇಳೆಗೆ ಈ ಪದಕ್ಕೆ ಗಡಿಯಾಚೆಯ ದೇಶ, ಅಂದರೆ ಪರಂಗಿಯವರ ನಾಡು, ಎಂಬ ಅರ್ಥವೂ ಅಂಟಿಕೊಂಡಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ, ಸೀಮೆಬದನೆ – ಹೊರಗಿನಿಂದ ಬಂದುದಕ್ಕೆಲ್ಲ ನಮ್ಮವರು ಕಟ್ಟಿದ ಹೆಸರಪಟ್ಟಿ ಇದು. ಇವುಗಳಲ್ಲಿ ಸೀಮೆಬದನೆಯ ಕಥೆ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ.

1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದನ್ನು ನೋಡಿಕೊಳ್ಳಲು ಲಂಡನ್ನಿನ ಕ್ಯೂ ತೋಟದಲ್ಲಿ ತರಬೇತಾದವರು ಒಬ್ಬರ ನಂತರ ಒಬ್ಬರಂತೆ ಬಂದರು. 1858ರಲ್ಲಿ ವಿಲಿಯಂ ನ್ಯೂ, 1874ರಲ್ಲಿ ಜಾನ್ ಕ್ಯಾಮರಾನ್, 1908ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಕ್ಯೂನಲ್ಲಿ ಕೆಲಸ ಮಾಡಿದ್ದ ಕ್ರುಂಬಿಗೆಲ್. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು ಕ್ಯಾಮರಾನ್ ಅವರ ಕಾಲದಲ್ಲಿ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮೂಲದ ಸೀಮೆಬದನೆ ಬೆಂಗಳೂರಿಗೆ ಬಂದದ್ದೂ ಅವರ ಮೂಲಕವೇ. 1809ರಲ್ಲಿ ಸ್ಥಾಪಿತವಾದ ದಂಡಿನ ದೊರೆಗಳಿಗೆ ತಮ್ಮ ಊರಿನ ಎಲೆಕೋಸು, ಹೂಕೋಸು, ಗಜ್ಜರಿ, ಬಟಾಣಿ ಬೇಕಾಗಿತ್ತು. ಬೆಂಗಳೂರಿನ ತಂಪು ಹವೆ ಅದಕ್ಕೆ ಒದಗಿತು. ಆ ತರಕಾರಿಗಳನ್ನು ಬೆಳೆದುಕೊಟ್ಟವರಲ್ಲಿ ತಲೆಮಾರುಗಳಿಂದ ತೋಟಗಾರಿಕೆಯನ್ನೇ ಕಸುಬಾಗಿಸಿಕೊಂಡಿದ್ದ ತಿಗಳ ಸಮುದಾಯದವರು ಮುಖ್ಯರು.

ಈ ತರಕಾರಿಗಳನ್ನು ನಮ್ಮ ಅಡುಗೆಮನೆ ಒಡನೆಯೇ ಒಪ್ಪಲಿಲ್ಲ. ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಎಲೆಕೋಸು, ಗಜ್ಜರಿ, ಹುರುಳಿಕಾಯಿಗಳು ಇಂದಿಗೂ ನಿಷಿದ್ಧ. ಪಿತೃಗಳು ಅರಿಯದ ಪದಾರ್ಥವನ್ನು ಅವರಿಗೆ ಬಡಿಸುವಂತಿಲ್ಲ. ಆದರೆ ಉಳಿದ ದಿನಗಳಲ್ಲಿ? ಸೀಮೆಬದನೆಯ ಪಲ್ಯ, ಕೂಟು, ಕೊನೆಗೆ ಅದರ ಸಿಪ್ಪೆಯ ಚಟ್ನಿಯೂ ಬೆಂಗಳೂರಿನ ಮನೆಮನೆಯ ಅಡುಗೆಯಾಯಿತು. ಪಕ್ಕದ ತಮಿಳುನಾಡಿನವರು ಅದನ್ನು ‘ಬೆಂಗಳೂರು ಬದನೆ’ ಎಂದು ಕರೆಯುವಷ್ಟರ ಮಟ್ಟಿಗೆ ಅದು ನಮ್ಮದಾಯಿತು. ಹೊರಗಿನದು ಎಂಬ ಗುರುತು ಹೆಸರಿನಲ್ಲಿ ಮಾತ್ರ ಉಳಿದು, ನಾಲಗೆಯಿಂದ ಅಳಿಸಿಹೋಯಿತು.

ಅಂದು ಸೀಮೆಯವರು ನಮ್ಮ ನಾಡಿಗೆ ತಮ್ಮ ಬೀಜ ತಂದರು. ಇಂದು ನಾವೇ ಸೀಮೆಯಲ್ಲಿದ್ದೇವೆ. ದೊರೆಗಳಾಗಿ ಬಂದವರಿಗೂ ದುಡಿಯಲು ಬಂದವರಿಗೂ ಇರುವ ಅಂತರವನ್ನು ನಾನು ಮರೆತಿಲ್ಲ. ಆದರೂ ಹೊಸ ಮಣ್ಣಿನ ಎದುರು ನಿಂತವನಿಗೆ ಕಾಡುವ ಪ್ರಶ್ನೆ ಒಂದೇ: ನನ್ನ ಊಟವನ್ನು ಈ ಮಣ್ಣಿನಲ್ಲಿ ಬೆಳೆಯಲೇ, ಈ ಮಣ್ಣಿನ ಊಟವನ್ನು ನನ್ನದಾಗಿಸಿಕೊಳ್ಳಲೇ?

ನಮ್ಮ ಹಳೆಯ ವಿದ್ಯೆ

ಇದಕ್ಕೆ ಉತ್ತರ ಹುಡುಕುವ ಮೊದಲು, ನಾವು ಊರಿನಿಂದ ಹೊತ್ತು ತಂದ ಬುತ್ತಿಯಲ್ಲಿ ಏನಿದೆ ಎಂದು ಬಿಚ್ಚಿ ನೋಡಬೇಕು.

ಅಡುಗೆ ಮತ್ತು ಗಿಡಮರಗಳನ್ನು ಶಾಸ್ತ್ರವೆಂದು ಭಾವಿಸಿ ಬರೆದ ಪರಂಪರೆ ಕನ್ನಡದಲ್ಲಿ ಸಾವಿರ ವರ್ಷದಷ್ಟು ಹಳೆಯದು. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಅಂತರ್ಜಲದ ಶೋಧನೆ, ಸೂಪಶಾಸ್ತ್ರ ಇವೆಲ್ಲ ಒಂದೇ ಗ್ರಂಥದಲ್ಲಿ ಬಂದಿವೆ. ನೀರು ಹುಡುಕುವುದು, ಗಿಡ ಬೆಳೆಸುವುದು, ಬೆಳೆದುದನ್ನು ಬೇಯಿಸುವುದು – ಇವನ್ನು ಒಂದೇ ವಿದ್ಯೆಯ ಅಂಗಗಳೆಂದು ಆತ ಕಂಡನೆಂಬುದು ಗಮನಾರ್ಹ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಜೈನಕವಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆ, ಹಲಸು, ಬಾಳೆ ಮೊದಲಾದವುಗಳ ಅಡುಗೆ ವಿಸ್ತಾರವಾಗಿ ಬಂದಿದೆ. ಅದರಲ್ಲಿ ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಟೊಮ್ಯಾಟೋ ಇಲ್ಲ. ಅವು ಮೂರೂ ಅಮೆರಿಕದಿಂದ ಆಮೇಲೆ ಬಂದವು. ಇಂದು ನಾವು ‘ಅಪ್ಪಟ ನಮ್ಮೂರ ರುಚಿ’ ಎನ್ನುವ ಸಾರಿನ ಖಾರವನ್ನು ಮಂಗರಸನು ಅರಿಯನು.

ಆದರೆ ನನ್ನ ತಾಯಿಯ ವಿದ್ಯೆ ಗ್ರಂಥದಿಂದ ಬಂದದ್ದಲ್ಲ. ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು, ಮಂಡ್ಯಗಳ ಹೆಣ್ಣುಮಕ್ಕಳು ಮಳೆ ಬಿದ್ದ ಮೇಲೆ ಹೊಲದ ಬದು, ಕೆರೆಯ ಅಂಗಳಗಳಲ್ಲಿ ಆಯ್ದು ತರುವ ‘ಬೆರಕೆ ಸೊಪ್ಪು’ ಅವರ ಪಾಠಶಾಲೆ. ಅಣ್ಣೆ, ಕೀರೆ, ಗೋಣಿ, ಹೊನಗೊನೆ, ಗಣಿಕೆ, ಒಂದೆಲಗ ಎಂದು ಅದರಲ್ಲಿ ಎಷ್ಟೋ ಬಗೆ. ಯಾರೂ ಬಿತ್ತದ ಬೆಳೆ ಅದು. ಯಾವುದು ಎಳೆಯದು, ಯಾವುದು ಬಲಿತು ಕಹಿಯಾಗಿದೆ, ಯಾವುದನ್ನು ಯಾವುದರೊಡನೆ ಬೆರೆಸಿದರೆ ಒಗರು ಮುರಿಯುತ್ತದೆ, ಮುಂದಿನ ವಾರಕ್ಕೆ ಎಷ್ಟನ್ನು ಬಿಟ್ಟು ಬರಬೇಕು – ಇದೆಲ್ಲ ಸೊಸೆ ಅತ್ತೆಯ ಹಿಂದೆ ನಡೆದು ಕಲಿತದ್ದು. ಬೆಂದ ಸೊಪ್ಪಿನ ಕಟ್ಟು ಬಸಿದರೆ ಬಸ್ಸಾರು, ಬೇಳೆಯೊಡನೆ ಮಸೆದರೆ ಮಸ್ಸೊಪ್ಪು, ಜೊತೆಗೆ ರಾಗಿಮುದ್ದೆ. ಕರಾವಳಿಗೆ ಹೋದರೆ ಆಟಿ ತಿಂಗಳ ಕೆಸುವಿನ ಎಲೆಯ ಪತ್ರೊಡೆ. ಕೊಡಗಿಗೆ ಹೋದರೆ ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ, ಬಿದಿರಿನ ಕಣಿಲೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಉಣಿಸುವ ನಾನಾ ಬಗೆಯ ಕುಡಿಸೊಪ್ಪಿನ ಎಡೆ. ಒಂದೊಂದು ಸೀಮೆಗೂ ಒಂದೊಂದು ಪಂಚಾಂಗ.

ಈ ವಿದ್ಯೆಗೆ ಒಂದು ಆಧಾರ ಬೇಕಿತ್ತು: ಎಲ್ಲರಿಗೂ ಸೇರಿದ ನೆಲ. ಗೋಮಾಳ, ಗುಂಡುತೋಪು, ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಎಂಬ ಹೆಸರುಗಳು ಒಂದೇ ಬಗೆಯ ನೆಲವನ್ನು ಸೂಚಿಸುವುದಿಲ್ಲ. ಅವುಗಳ ಹಕ್ಕುಗಳೂ ಬೇರೆಬೇರೆ. ಆದರೂ ಬಿತ್ತದ ನೆಲದಿಂದ ಸೊಪ್ಪು, ಸೌದೆ, ಮೇವು ತರುವ ವಾಡಿಕೆ ಅವೆಲ್ಲಕ್ಕೂ ಸಮಾನ. 1865 ಮತ್ತು 1878ರ ಅರಣ್ಯ ಕಾಯಿದೆಗಳು ಇಂಥ ವಾಡಿಕೆಯನ್ನು ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಬಿಗಿಯಾಗಿ ಮೊಟಕುಗೊಳಿಸಿದವು. ಉತ್ತರ ಕನ್ನಡದ ರೈತರು 1930ರ ಜಂಗಲ್ ಸತ್ಯಾಗ್ರಹದಲ್ಲಿ ಕಾಡಿಗೆ ನುಗ್ಗಿದ್ದರ ಹಿಂದೆ ಈ ಸಂಕಟವೂ ಇತ್ತು.

ಈ ಕಾನೂನು ಮಾಡಿದವರ ಸ್ವಂತ ದೇಶದಲ್ಲಿ ಬಡವನ ಸೊಪ್ಪಿನ ಪಾಡು ಏನಾಗಿತ್ತು? ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ; ನಾವು ಕುಳಿತಿರುವ ಈ ಹ್ಯಾರೋವೇ ಸಾಕು.

ಹ್ಯಾರೋವಿನ ನೆಲ

ಈ ಊರಿನ ಹೆಸರು 767ರಷ್ಟು ಹಿಂದಿನ ದಾನಪತ್ರದಲ್ಲಿ ಕಾಣಿಸುತ್ತದೆ. ‘ಹೆರ್ಗ’ ಎಂದರೆ ಕ್ರೈಸ್ತಪೂರ್ವ ಕಾಲದ ಗುಡಿ. ಬೆಟ್ಟದ ಮೇಲೊಂದು ಗುಡಿ, ಅದರ ಸುತ್ತ ಕಾಡು: ನಮ್ಮ ಯಾವ ಹಳ್ಳಿಯ ವರ್ಣನೆಯೂ ಇದೇ ತಾನೆ? 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಹ್ಯಾರೋ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಜಹಗೀರು. ಅಲ್ಲಿಯ ಕಾಡು ಎರಡು ಸಾವಿರ ಹಂದಿಗಳಿಗೆ ಸಾಕಾಗುವಷ್ಟು ಎಂದು ಬರೆದಿದೆ. ಕಾಡನ್ನು ಎಕರೆಯಲ್ಲಿ ಅಳೆಯದೆ, ಓಕ್ ಮರದ ಕಾಯಿ ತಿಂದು ಕೊಬ್ಬುವ ಹಂದಿಗಳ ಲೆಕ್ಕದಲ್ಲಿ ಅಳೆದ ಕಾಲ ಅದು. ಸುಮಾರು 1310ರಲ್ಲಿ ಕಟ್ಟಿದ ಹೆಡ್‌ಸ್ಟೋನ್ ಮ್ಯಾನರ್, ಅದರ ಕಂದಕ, 1506ರ ದೊಡ್ಡ ಕಣಜ ಇಂದಿಗೂ ನಿಂತಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ.

ಆ ಜಹಗೀರಿನ ಒಕ್ಕಲುಗಳು ಏನು ಉಣ್ಣುತ್ತಿದ್ದರು? ಮಧ್ಯಯುಗದ ಇಂಗ್ಲಿಷ್ ಬಡವನ ದಿನನಿತ್ಯದ ಊಟ ‘ಪಾಟೇಜ್’. ಬಾರ್ಲಿ ಅಥವಾ ಓಟ್ಸ್, ಒಣ ಬಟಾಣಿ ಅಥವಾ ಬ್ರಾಡ್ ಬೀನ್ಸ್, ಹಿತ್ತಿಲಿನ ಕೋಸು, ಈರುಳ್ಳಿ, ಬೇಲಿಯಲ್ಲಿ ಸಿಕ್ಕ ಸೊಪ್ಪು – ಎಲ್ಲವನ್ನೂ ಒಂದೇ ಮಡಕೆಯಲ್ಲಿ ಕುದಿಸಿ ಮಾಡಿದ ಅಡುಗೆ. ಖಾರ ಒಗ್ಗರಣೆಗಳನ್ನು ಬಿಟ್ಟರೆ ಇದು ನಮ್ಮ ಮಸ್ಸೊಪ್ಪಿನ ದಾಯಾದಿ. ನನ್ನ ತಾಯಿ ಗುರುತಿಸಿದ ಆ ಬೂದುಹಸಿರು ಗಿಡಕ್ಕೆ ಇಂಗ್ಲಿಷಿನಲ್ಲಿ ‘ಫ್ಯಾಟ್ ಹೆನ್’ ಎಂದು ಹೆಸರು. ಪಾಲಕ್ ಬಂದು ಮೂಲೆಗೊತ್ತುವವರೆಗೆ ಅದು ಯುರೋಪಿನ ಬಡವರ ಸೊಪ್ಪೇ ಆಗಿತ್ತು. ತಾಯಿ ಕಂಡದ್ದು ಸುಳ್ಳಾಗಿರಲಿಲ್ಲ.

1217ರ ಅರಣ್ಯ ಸನ್ನದು, ರಾಜನ ಕಾಡಿನಲ್ಲಿ ಹಂದಿ ಮೇಯಿಸುವುದೇ ಮೊದಲಾದ ಹಕ್ಕುಗಳನ್ನು ಸ್ವತಂತ್ರ ಪ್ರಜೆಗಳಿಗೆ ಮಾನ್ಯ ಮಾಡಿತ್ತು. ಆದರೆ ಮುಂದಿನ ಶತಮಾನಗಳಲ್ಲಿ ಸಾರ್ವಜನಿಕ ನೆಲಕ್ಕೆ ಬೇಲಿ ಹಾಕುವ ಕಾರ್ಯ ಪಾರ್ಲಿಮೆಂಟಿನ ಮುದ್ರೆಯೊಡನೆ ನಡೆಯಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳು ಹೊರಟು, ಸುಮಾರು 68 ಲಕ್ಷ ಎಕರೆ ನೆಲ ಬೇಲಿಯೊಳಗಾಯಿತು. ಹ್ಯಾರೋವಿನ ಸರದಿ 1803ರ ಕಾಯಿದೆಯಿಂದ ಬಂದು, 1817ರಲ್ಲಿ ಹಂಚಿಕೆ ಮುಗಿಯಿತು. ಹಸು ಕಟ್ಟಲು, ಸೌದೆ ಆಯಲು ಇದ್ದ ನೆಲವನ್ನು ಕಳೆದುಕೊಂಡ ಕೂಲಿಕಾರ, ಲಂಡನ್ನಿನ ಕುದುರೆಗಳಿಗೆ ಮೇವು ಒದಗಿಸುವ ಹುಲ್ಲುಗಾವಲುಗಳಲ್ಲಿ ದುಡಿಯತೊಡಗಿದ. ನಮ್ಮ ಸೊಪ್ಪಿನ ಬೆಟ್ಟದ ರೈತನ ಅಳಲು ಇವನಿಗೆ ಹೇಳಿದ್ದರೆ ಅರ್ಥವಾಗುತ್ತಿತ್ತು.

ಕಳೆದುಕೊಂಡುದಕ್ಕೆ ಪ್ರತಿಯಾಗಿ ಬಡವರಿಗೆ ದಕ್ಕಿದ್ದು ‘ಅಲಾಟ್‌ಮೆಂಟ್’ ಎಂಬ ಅಂಗೈಯಗಲದ ತುಂಡು ನೆಲ. 1887ರಲ್ಲಿ ಒಂದು ಕಾಯಿದೆ, 1908ರಲ್ಲಿ ಇನ್ನಷ್ಟು ಗಟ್ಟಿಯಾದ ಇನ್ನೊಂದು. ಆರು ಮಂದಿ ಮತದಾರರು ಬರೆದು ಕೇಳಿದರೆ ಸ್ಥಳೀಯ ಆಡಳಿತವು ಆ ಬೇಡಿಕೆಯನ್ನು ಪರಿಗಣಿಸಲೇಬೇಕು. ಇಂಥ ನೆಲದಲ್ಲಿ ಬೆಳೆಯುವುದು ಮುಖ್ಯವಾಗಿ ಬೆಳೆದವನ ಮನೆಯ ಊಟಕ್ಕೆ ಎಂದು 1922ರ ಕಾಯಿದೆ ಹೇಳಿತು. ಒಂದು ಅಲಾಟ್‌ಮೆಂಟಿನ ರೂಢಿಯ ಅಳತೆ 10 ರಾಡ್, ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಸರಿಯಾಗಿ ಎರಡೂವರೆ ಗುಂಟೆ. 160 ರಾಡಿಗೆ ಒಂದು ಎಕರೆ, 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಗೆ ನಾಲ್ಕು ರಾಡ್. ಊರಿನಲ್ಲಿ ಅಜ್ಜನ ಪಹಣಿ ನೋಡಿದವರಿಗೆ ಇಲ್ಲಿಯ ಅಳತೆ ಪರಕೀಯವಲ್ಲ.

1880ರಲ್ಲಿ ಮೆಟ್ರೋಪಾಲಿಟನ್ ರೈಲು ಹ್ಯಾರೋ ತಲಪಿತು. 1915ರಿಂದ ರೈಲು ಕಂಪನಿ ಈ ಭಾಗವನ್ನು ‘ಮೆಟ್ರೋ-ಲ್ಯಾಂಡ್’ ಎಂದು ಸಾರಿ, ಹುಲ್ಲುಗಾವಲುಗಳ ಮೇಲೆ ಸಾಲುಸಾಲಾಗಿ ಜೋಡಿಮನೆಗಳು ಎದ್ದವು. ಅವುಗಳ ಆಕರ್ಷಣೆಯೇ ಹಿಂದಿನ ಹಿತ್ತಿಲು. ನಮ್ಮಲ್ಲಿ ಅನೇಕರು ಇಂದು ಬಾಳುತ್ತಿರುವುದು ಅಂಥ ಮನೆಗಳಲ್ಲೇ.

ಎರಡನೆಯ ಮಹಾಯುದ್ಧ ಆ ಹಿತ್ತಿಲುಗಳನ್ನು ಪರೀಕ್ಷೆಗೆ ಒಡ್ಡಿತು. 1940ರ ಜನವರಿಯಲ್ಲಿ ಆರಂಭವಾದ ಪಡಿತರ 1954ರ ಜುಲೈವರೆಗೆ ನಡೆಯಿತು. ‘ಡಿಗ್ ಫಾರ್ ವಿಕ್ಟರಿ’ ಎಂಬ ಕರೆಗೆ ಓಗೊಟ್ಟು ಹುಲ್ಲುಹಾಸುಗಳನ್ನು ಅಗೆದರು. ಲಂಡನ್ ಗೋಪುರದ ಕಂದಕದಲ್ಲೂ ತರಕಾರಿ ಬೆಳೆದರು. ಅಲಾಟ್‌ಮೆಂಟುಗಳ ಸಂಖ್ಯೆ ಸುಮಾರು 14 ಲಕ್ಷಕ್ಕೆ ಏರಿತು. ಕಿತ್ತಳೆ ಬರುವುದು ನಿಂತಾಗ ಶಾಲೆಯ ಮಕ್ಕಳು ಬೇಲಿಯ ಕಾಡುಗುಲಾಬಿಯ ಕಾಯಿಗಳನ್ನು ಆಯ್ದರು. ಅವುಗಳಿಂದ ತಯಾರಾದ ಪಾಕವೇ ಕೂಸುಗಳಿಗೆ ‘ಸಿ’ ಜೀವಸತ್ವದ ಆಸರೆ. ಇದೇ ಹೊತ್ತಿಗೆ, 1942ರಲ್ಲಿ, ಭಾರತದಲ್ಲೂ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ ಆರಂಭವಾಯಿತು. ಹಸಿವು ಬಂದಾಗ ಎರಡೂ ದೇಶದವರು ತಮ್ಮ ಅಜ್ಜಿಯರನ್ನು ನೆನೆದರು. ಹಸಿವು ಹೋದಾಗ ಎರಡೂ ದೇಶದವರು ಮರೆತರು.

ಕಾನೂನು ಮತ್ತು ಎಚ್ಚರ

ಈಗ ನನ್ನ ಸಂಜೆಯ ಪ್ರಶ್ನೆಗೆ ಬರುತ್ತೇನೆ. ಕೀಳಬಹುದಿತ್ತೇ? 1968ರ ಕಳ್ಳತನದ ಕಾಯಿದೆ ಇದನ್ನು ಸ್ಪಷ್ಟವಾಗಿ ಹೇಳಿದೆ: ತಾನಾಗಿ ಬೆಳೆದ ಅಣಬೆಯನ್ನಾಗಲಿ, ಕಾಡುಗಿಡದ ಹೂ, ಹಣ್ಣು, ಎಲೆಗಳನ್ನಾಗಲಿ ಮಾರಾಟದ ಉದ್ದೇಶವಿಲ್ಲದೆ ಕಿತ್ತುಕೊಂಡರೆ ಅದು ಕಳ್ಳತನವಲ್ಲ. ಶತಮಾನಗಳ ಬೇಲಿಯ ನಡುವೆಯೂ ಆಯುವವನ ಹಕ್ಕಿನ ಒಂದು ಎಳೆ ಹೀಗೆ ಉಳಿದುಬಂದಿದೆ. ಆದರೆ 1981ರ ವನ್ಯಜೀವಿ ಕಾಯಿದೆಯ ಪ್ರಕಾರ ನೆಲದೊಡೆಯನ ಅಪ್ಪಣೆಯಿಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳುವಂತಿಲ್ಲ. ಉದ್ಯಾನಗಳಿಗೆ, ಸಂರಕ್ಷಿತ ಜಾಗಗಳಿಗೆ ತಮ್ಮದೇ ನಿಯಮಗಳಿರುತ್ತವೆ. ಫಲಕ ಓದಿ, ಕೇಳಿ ತಿಳಿದುಕೊಳ್ಳಬೇಕು. ಚಿವುಟಿ ತಾ, ಬೇರು ಬಿಡು, ಮಾರಬೇಡ: ಬೆರಕೆ ಸೊಪ್ಪಿನ ಹೆಂಗಸರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಕಾನೂನಿಗಿಂತ ದೊಡ್ಡದು ಎಚ್ಚರ. ಒಂದು ದೇಶದ ಕಣ್ಣು ಇನ್ನೊಂದು ದೇಶದಲ್ಲಿ ಮೋಸಹೋಗಬಹುದು. ಏಪ್ರಿಲಿನಲ್ಲಿ ಕಾಡಿನ ನೆರಳಲ್ಲಿ ಬೆಳ್ಳುಳ್ಳಿಯ ವಾಸನೆ ಬೀರುವ ‘ರಾಮ್‌ಸನ್ಸ್’ ಎಲೆ ತಂಬುಳಿಗೆ ಸೊಗಸು. ಆದರೆ ಅದರ ನಡುವೆಯೇ ‘ಲಾರ್ಡ್ಸ್ ಅಂಡ್ ಲೇಡೀಸ್’ ಎಂಬ ಗಿಡ ಬೆಳೆಯುತ್ತದೆ. ಅದು ನಮ್ಮ ಕೆಸುವಿನ ಕುಲದ್ದು. ಗಂಟಲು ಕೆರೆಯುವ ಗುಣವೂ ಅದೇ. ಪತ್ರೊಡೆಗೆ ಹುಣಸೆ ಹಾಕಿ ಕೆಸುವನ್ನು ಪಳಗಿಸಿದ ಜಾಣ್ಮೆ ಇಲ್ಲಿ ನಡೆಯದು, ಅದು ವಿಷ. ಕೊತ್ತಂಬರಿಯ ದಾಯಾದಿಯಂತೆ ಕಾಣುವ ಹೆಮ್‌ಲಾಕ್ ಕೊಲ್ಲುವ ಗಿಡ. ನಮ್ಮ ಗಣಿಕೆ ಸೊಪ್ಪನ್ನು ಹೋಲುವ ಗಿಡ ಇಲ್ಲಿಯ ಅಲಾಟ್‌ಮೆಂಟುಗಳಲ್ಲಿ ಕಳೆಯಾಗಿ ಬೆಳೆಯುತ್ತದೆ. ಇಲ್ಲಿಯವರು ಅದನ್ನು ವಿಷವೆಂದೇ ಎಣಿಸುತ್ತಾರೆ, ಅದರ ಹಸಿರು ಕಾಯಿಯಲ್ಲಿ ವಿಷವಿರುವುದೂ ನಿಜ. ಇಲ್ಲಿಯವರೂ ಎಡವಿದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ರೂಬಾರ್ಬ್ ಎಲೆಯನ್ನು ಸೊಪ್ಪಿನಂತೆ ಬೇಯಿಸಿ ತಿನ್ನಬಹುದೆಂಬ ತಪ್ಪು ಸಲಹೆಯನ್ನು ನಂಬಿ ಕೆಲವರು ಪ್ರಾಣ ಕಳೆದುಕೊಂಡರು. ರೂಬಾರ್ಬಿನ ದಂಟು ಮಾತ್ರ ಊಟಕ್ಕೆ, ಎಲೆ ಎಂದಿಗೂ ಅಲ್ಲ. ಆದ್ದರಿಂದ ತಿಳಿದವರ ಜೊತೆ ನಡೆದು, ಒಂದೊಂದೇ ಗಿಡವನ್ನು ನಾಲ್ಕೂ ಋತುಗಳಲ್ಲಿ ನೋಡಿ ಕಲಿಯಬೇಕು, ಸಂದೇಹವಿದ್ದರೆ ಬಿಡಬೇಕು. ಅತ್ತೆಯ ಹಿಂದೆ ನಡೆದ ಸೊಸೆ ಕಲಿತದ್ದೂ ಹೀಗೆಯೇ.

ಹ್ಯಾರೋ ಅಡುಗೆಮನೆ

1960ರ ದಶಕದ ಕೊನೆಯಲ್ಲಿ ಕೀನ್ಯಾದಿಂದಲೂ 1972ರಲ್ಲಿ ಉಗಾಂಡದಿಂದಲೂ ಹೊರಟು ಬಂದ ಗುಜರಾತಿ ಕುಟುಂಬಗಳು ಹ್ಯಾರೋ, ವೆಂಬ್ಲಿಗಳಲ್ಲಿ ಅಂಗಡಿ ತೆರೆದವು. ಹಾಗಲ, ಬೆಂಡೆ, ಕರಿಬೇವು ನಮಗೆ ನಡೆದುಹೋಗುವಷ್ಟು ದೂರದಲ್ಲಿ ಸಿಕ್ಕವು. ಅದಕ್ಕೆ ನಾವು ಕೃತಜ್ಞರು. ಆದರೆ ಆ ಸೌಕರ್ಯದಿಂದ ಒಂದು ನಷ್ಟವೂ ಆಯಿತು: ನಮ್ಮ ಊಟಕ್ಕೆ ಋತುವೇ ಇಲ್ಲವಾಯಿತು. ಜನವರಿಯಲ್ಲೂ ಬೆಂಡೆ, ಜುಲೈಯಲ್ಲೂ ಬೆಂಡೆ. ಕಿಟಕಿಯಾಚೆಯ ಮಣ್ಣು ಏನು ಹೇಳುತ್ತಿದೆ ಎಂದು ಕೇಳುವ ಅಗತ್ಯ ತಪ್ಪಿತು.

ಆ ಮಣ್ಣು ಲಂಡನ್ ಜೇಡಿ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಗುದ್ದಲಿಗೆ ಅಂಟುತ್ತದೆ. ಧಾರವಾಡ, ವಿಜಯಪುರಗಳ ಎರೆಭೂಮಿ ಕಂಡವರಿಗೆ ಇದು ಹೊಸದಲ್ಲ. ಕೊಳೆತ ಗೊಬ್ಬರ ಸೇರಿಸಿ, ಒದ್ದೆಯಿರುವಾಗ ತುಳಿಯದೆ ಕಾದರೆ ಒಲಿಯುತ್ತದೆ. ಮೇ ತಿಂಗಳ ಮಧ್ಯದವರೆಗೂ ಇಬ್ಬನಿ ಹೆಪ್ಪುಗಟ್ಟುವ ಭಯ. ಆಮೇಲೆ ಮೆಂತ್ಯ, ದಂಟು, ಮೂಲಂಗಿ, ಕೊತ್ತಂಬರಿ ಸುಲಭವಾಗಿ ಬರುತ್ತವೆ.

ಆದರೆ ಅವರೆ? ಊರಿನ ಅವರೆಯನ್ನು ಬಿತ್ತಿ ನಿರಾಶರಾದವರು ಈ ಸಭೆಯಲ್ಲಿ ಅನೇಕರಿರಬಹುದು. ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಹೂ ಬಿಡುವುದಿಲ್ಲ. ತಪ್ಪು ನಿಮ್ಮದಲ್ಲ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬಳ್ಳಿ. ಆದ್ದರಿಂದಲೇ ಅದು ಧನುರ್ಮಾಸದ ಬೆಳೆ. ಬೆಂಗಳೂರಿನ ಅತಿ ದೀರ್ಘ ಹಗಲು 13 ಗಂಟೆಗೂ ಕಡಿಮೆ. ಹ್ಯಾರೋದಲ್ಲಿ ಜೂನ್ ತಿಂಗಳ ಹಗಲು 16.5 ಗಂಟೆ ಮೀರುತ್ತದೆ. ಇಲ್ಲಿ ಹಗಲು ತಕ್ಕಷ್ಟು ಕುಗ್ಗುವ ವೇಳೆಗೆ ಚಳಿ ಬಂದು ಬಳ್ಳಿಯನ್ನು ಕೊಲ್ಲುತ್ತದೆ. ಹಗಲಿನ ಅಳತೆಗೆ ಕಟ್ಟುಬೀಳದ ‘ಹೆಬ್ಬಾಳ ಅವರೆ’ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬೆಳೆಸಿದೆ. ಆದರೆ ಬೀಜಗಳನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಪೆಟ್ಟಿಗೆಯಲ್ಲಿ ತರುವಂತಿಲ್ಲ ಎಂಬುದನ್ನು ನೆನಪಿಡಬೇಕು.

ಹಾಗಾದರೆ ಅವರೆಯ ಆಸೆಗೆ ಏನು ಮಾಡೋಣ? ಹ್ಯಾರೋವಿನ ಒಕ್ಕಲು ತನ್ನ ಪಾಟೇಜಿಗೆ ಹಾಕುತ್ತಿದ್ದ ಬ್ರಾಡ್ ಬೀನ್ಸ್ ಇದೆಯಲ್ಲ! ಚಳಿಗೆ ಹೆದರದ ಬೆಳೆ ಅದು. ನವೆಂಬರಿನಲ್ಲೋ ಫೆಬ್ರವರಿಯಲ್ಲೋ ಊರಿದರೆ ಜೂನ್ ವೇಳೆಗೆ ಕಾಯಿ. ಕಾಯಿ ಬಿಡಿಸಿ, ಬಿಸಿನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಹಿತಕಿದರೆ ಸಿಪ್ಪೆಯಿಂದ ಹಸಿರು ಬೇಳೆ ಚಿಮ್ಮುತ್ತದೆ. ಹಿತಕಿದ ಬೇಳೆ ಹುಳಿಯ ಕೆಲಸ ಕೈಗೆ ಮರಳಿ ಬರುತ್ತದೆ. ಅವರೆಯ ಸೊಗಡು ಇದಕ್ಕಿಲ್ಲ, ಒಪ್ಪುತ್ತೇನೆ. ಇದಕ್ಕೆ ಇದರದೇ ಸೊಗಡು. (ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಮಾತ್ರ ಇದನ್ನು ಮುಟ್ಟಬಾರದು.)

ಹೀಗೆಯೇ ಒಂದು ಹ್ಯಾರೋ ಪಂಚಾಂಗ ಬರೆಯಬಹುದು. ಮಾರ್ಚಿಯಲ್ಲಿ ಕೈಗವಸು ತೊಟ್ಟು ಚಿವುಟಿದ ಎಳೆಯ ನೆಟಲ್ ಕುಡಿ. ಬೆಂದೊಡನೆ ತುರಿಕೆ ಹೋಗಿ ಬಸ್ಸಾರಿಗೆ ಒದಗುತ್ತದೆ. ಏಪ್ರಿಲಿನಲ್ಲಿ ರೂಬಾರ್ಬ್ ದಂಟಿನ ಗೊಜ್ಜು. ಜೂನಿನಲ್ಲಿ ಎಲ್ಡರ್ ಹೂವಿನ ಪಾನಕ. ಆಗಸ್ಟಿನಲ್ಲಿ ಬೇಲಿಯ ಬ್ಲ್ಯಾಕ್‌ಬೆರಿ. ಸೆಪ್ಟೆಂಬರಿನಲ್ಲಿ ಬ್ರಾಮ್ಲಿ ಸೇಬು. 1809ರಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಸೌತ್‌ವೆಲ್ ಎಂಬಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ಹುಟ್ಟಿದ ತಳಿ ಅದು. ಅದರ ಹುಳಿಗೆ ಮಾವಿನಕಾಯಿ ಚಿತ್ರಾನ್ನವೂ ತಲೆದೂಗುತ್ತದೆ; ತುರಿದು ಒಗ್ಗರಣೆ ಕೊಟ್ಟು ನೋಡಿ.

ನಮ್ಮಂಥವರ ಈ ಪ್ರಯೋಗಗಳಿಗೆ ಬೆಲೆ ಇದೆ ಎಂದು ಇಲ್ಲಿಯವರೂ ಮನಗಂಡಿದ್ದಾರೆ. ‘ಗಾರ್ಡನ್ ಆರ್ಗ್ಯಾನಿಕ್’ ಸಂಸ್ಥೆ 2010ರ ದಶಕದ ಆರಂಭದಲ್ಲಿ ‘ಸೋಯಿಂಗ್ ನ್ಯೂ ಸೀಡ್ಸ್’ ಎಂಬ ಯೋಜನೆಯಡಿ, ವಲಸೆ ಬಂದವರು ಅಲಾಟ್‌ಮೆಂಟುಗಳಲ್ಲಿ ಬೆಳೆಯುತ್ತಿದ್ದ ಬೆಳೆಗಳನ್ನೂ ಅವುಗಳ ಕುರಿತ ತಿಳಿವಳಿಕೆಯನ್ನೂ ಸಂಗ್ರಹಿಸಿತು. ಕ್ಯೂನಿಂದ ಲಾಲ್‌ಬಾಗಿಗೆ ಹೋದ ಬೀಜದ ಪಯಣ ಹೀಗೆ ಮರುದಿಕ್ಕಿಗೂ ತಿರುಗಿದೆ.

ಮಡಿಲು

ಬಂಧುಗಳೇ, ನಾವು ಮಕ್ಕಳಿಗೆ ಏನನ್ನು ಕೊಟ್ಟು ಹೋಗಬೇಕು ಎಂಬುದು ಇಂಥ ಕೂಟಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಭಾಷೆ, ಹಬ್ಬ, ಸಂಗೀತಗಳ ಜೊತೆಗೆ ಅಡುಗೆಯ ಹೆಸರೂ ಬರುತ್ತದೆ. ಅಡುಗೆಯೆಂದರೆ ಪದಾರ್ಥಗಳ ಪಟ್ಟಿ ಎಂದು ತಿಳಿದರೆ ನಾವು ಕೊಡುವುದು ಅಂಗಡಿಯ ಚೀಟಿಯಷ್ಟೇ. ನನ್ನ ತಾಯಿಯ ಬಳಿ ಇದ್ದದ್ದು ಪಟ್ಟಿಯಾಗಿರಲಿಲ್ಲ. ಇದ್ದಿದ್ದರೆ ಸುಮಾರು ಐದು ಸಾವಿರ ಮೈಲಿ ದೂರ ಕಳಿಸಿದ ವಿಮಾನದಿಂದ ಇಳಿದ ಕೆಲವೇ ದಿನಗಳಲ್ಲಿ, ಹೆಸರೂ ಅರಿಯದ ಗಿಡದಲ್ಲಿ ಅವರು ನೆಂಟಸ್ತಿಕೆ ಗುರುತಿಸುತ್ತಿರಲಿಲ್ಲ. ನಿಂತು ನೋಡುವುದು, ತಿಕ್ಕಿ ಮೂಸುವುದು, ಯಾವುದರ ತಂಗಿ ಎಂದು ಯೋಚಿಸುವುದು, ಇನ್ನೊಬ್ಬರಿಗೆ ಬಿಟ್ಟು ತರುವುದು – ಆ ನಡವಳಿಕೆಯೇ ಅವರ ಊರು. ಅದನ್ನು ಯಾವ ಮಣ್ಣಿಗಾದರೂ ಒಯ್ಯಬಹುದು.

ಅಂದು ಅವರು ಆ ಸೊಪ್ಪಿನ ಜೊತೆಗೆ ಇನ್ನಾವುದನ್ನು ಬೆರೆಸುತ್ತಿದ್ದರೋ ನಾನು ಕೇಳಲಿಲ್ಲ. ಕೇಳಲು ಈಗ ಅವರಿಲ್ಲ. ನಿಮ್ಮ ಮನೆಗೆ ಈ ಬೇಸಿಗೆಯಲ್ಲಿ ಊರಿನಿಂದ ತಂದೆತಾಯಿಯರು ಬರುವುದಿದ್ದರೆ ಒಂದು ಸಂಜೆ ಅವರನ್ನು ಕಾಲುದಾರಿಗೆ ಕರೆದೊಯ್ಯಿರಿ, ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಅವರು ಎಲ್ಲಾದರೂ ನಿಂತರೆ ಅವಸರಿಸಬೇಡಿ.